ಧಾರಾವಾಹಿಯ ಪರವಾಗಿ ಒಂದು ವಾದ

ನಮ್ಮ ಚಿಕ್ಕಮ್ಮ ಟೀವಿ ನೋಡಿ ಗಂಡನನ್ನು ಬಿಟ್ಟಳು ಎಂದು ಮ್ಯಾಂಚೆಸ್ಟರಿನ ಪಕ್ಕದ ಸ್ಟಾಕ್‌ಪೋರ್ಟಿನ ಕನ್ನಡಿಗರೆಲ್ಲ ನಂಬಿದ್ದರು. ಎಲ್ಲರೂ ಎಂದರೆ ಹೆಚ್ಚೇನಿಲ್ಲ, ಹತ್ತು ಹನ್ನೆರಡು ಮನೆ. ಆದರೆ ಪರದೇಶದಲ್ಲಿ ಹನ್ನೆರಡು ಮನೆಯೆಂದರೆ ಅದೇ ಜಿಲ್ಲೆ, ಅದೇ ಹೈಕೋರ್ಟು. ಅವರ ತೀರ್ಪು ಹೀಗಿತ್ತು: ಒಂದು ಅಮೆರಿಕನ್ ಹಾಸ್ಯ ಧಾರಾವಾಹಿ ಇದೆ, ಅದರಲ್ಲಿ ಗಂಡನಿಲ್ಲದೆ, ಕೆಲಸಕ್ಕೆ ಹೋಗುತ್ತ, ಮಕ್ಕಳನ್ನು ಸಾಕುವ ಒಬ್ಬ ತಾಯಿ ಇದ್ದಾಳೆ, ಅವಳನ್ನು ದಿನಾ ಸಂಜೆ ನೋಡಿ ನೋಡಿ ವಾರಿಜಳ ತಲೆ ತಿರುಗಿತು, ಪಾಪ, ಪ್ರಭಾಕರನನ್ನು ಮನೆಯಿಂದ ಆಚೆ ಹಾಕಿದಳು.

ಈ ಕಥೆ ಕ್ರೂರವಾಗಿದೆ ಎಂದು ನನಗೆ ಹೊಳೆದದ್ದು ಆಮೇಲೆ. ಮೊದಲು ಸಿಟ್ಟು ಬಂದದ್ದು ಅದರ ತರ್ಕದ ಮೇಲೆ. ಪ್ರಭಾಕರ ಚಿಕ್ಕಪ್ಪ ಮನೆ ಬಿಟ್ಟದ್ದು ಫೆಬ್ರವರಿಯಲ್ಲಿ. ಆ ಮನೆಗೆ ಕೇಬಲ್ ಬಂದದ್ದು ಜೂನಿನಲ್ಲಿ. ಪರಿಣಾಮ ಮೊದಲು ಬಂದು ಕೂತು, ನಾಲ್ಕು ತಿಂಗಳು ಕಾದು, ಆಮೇಲೆ ತನ್ನ ಕಾರಣವನ್ನು ಬರಮಾಡಿಕೊಂಡಿತು ಅನ್ನಿ. ನೀವೇ ಹೇಳಿ, ಇದನ್ನು ಕೇಳಿಕೊಂಡು ಸುಮ್ಮನಿರಲು ಸಾಧ್ಯವೇ?

ನನಗಂತೂ ಸಾಧ್ಯವಿರಲಿಲ್ಲ. ನಾನು ಮೈಸೂರಿನ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಪರ ಮಾತಾಡು ಅಂದರೆ ಪರ, ವಿರೋಧ ಅಂದರೆ ವಿರೋಧ. ನಾಲ್ಕು ನಿಮಿಷಕ್ಕೆ ಎಚ್ಚರಿಕೆಯ ಗಂಟೆ, ಐದಕ್ಕೆ ಕೊನೆಯ ಗಂಟೆ. ಮನೆಯ ಶೋಕೇಸಿನಲ್ಲಿ ಗಲ್ಲುಶಿಕ್ಷೆಯ ಪರವಾಗಿ ಗೆದ್ದ ಷೀಲ್ಡೂ ಇದೆ, ಮರುವರ್ಷ ಗಲ್ಲುಶಿಕ್ಷೆಯ ವಿರುದ್ಧ ಗೆದ್ದದ್ದೂ ಇದೆ. ಅಪ್ಪ ಎರಡನ್ನೂ ಒಂದೇ ಬಟ್ಟೆಯಲ್ಲಿ ಒರೆಸಿಡುತ್ತಾರೆ. ಅಮ್ಮ ಮಾತ್ರ, "ಇವಳನ್ನ ಕಟ್ಕೊಳ್ಳೋನು ಕಿವುಡನಾಗಿದ್ರೆ ಬದುಕ್ಕೋತಾನೆ" ಅನ್ನುತ್ತಾಳೆ.

ಇಂಥ ನಾನು ಎರಡು ಸಾವಿರದ ಮೂರರ ಸೆಪ್ಟೆಂಬರಿನಲ್ಲಿ ಎಂಎಸ್ಸಿ ಓದಲು ಮ್ಯಾಂಚೆಸ್ಟರಿಗೆ ಬಂದು, ಸ್ಟಾಕ್‌ಪೋರ್ಟಿನ ಚಿಕ್ಕಮ್ಮನ ಮನೆಯ ಸಣ್ಣ ರೂಮಿನಲ್ಲಿ ಪೆಟ್ಟಿಗೆ ಇಳಿಸಿದೆ. ಚಿಕ್ಕಮ್ಮ ವಿದನ್‌ಶಾದ ದೊಡ್ಡ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನವಳು. ಫ್ರಿಜ್ಜಿನ ಬಾಗಿಲಿಗೆ ಅವಳ ರೋಟಾ, ಅಂದರೆ ಪಾಳಿಯ ಪಟ್ಟಿ, ಅಂಟಿಸಿತ್ತು. ಆ ಮನೆಯಲ್ಲಿ ಹಬ್ಬ, ಹುಟ್ಟುಹಬ್ಬ, ಜ್ವರ ಎಲ್ಲವೂ ಆ ಕಾಗದವನ್ನು ಕೇಳಿಕೊಂಡೇ ಬರಬೇಕಿತ್ತು. ಮನೆಯಲ್ಲಿ ಇನ್ನೊಬ್ಬಳು, ಅವಳ ಮಗಳು ಚಾರು. ಒಂಬತ್ತು ವರ್ಷ. ನಾವು ಕನ್ನಡದಲ್ಲಿ ಏನೇ ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ.

ಇನ್ನು ಆರೋಪಿ, ಅಂದರೆ ಆ ಧಾರಾವಾಹಿ. ಸಂಜೆ ಆರೂವರೆಗೆ ಹಳೆಯ ಕಂತುಗಳ ಮರುಪ್ರಸಾರ. ತಾಯಿ ಮನೆ ಮಾರಿಸಿಕೊಡುವ ಯಾವುದೋ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಆದರೆ ಕಂತಿನ ಮುಕ್ಕಾಲು ಭಾಗ ಅಡುಗೆಮನೆಯಲ್ಲೇ ಇರುತ್ತಾಳೆ. ಆ ಅಡುಗೆಮನೆ ನಮ್ಮ ಮನೆಯ ಇಡೀ ಕೆಳ ಅಂತಸ್ತಿನಷ್ಟಿತ್ತು. ಮಕ್ಕಳು ತಪ್ಪು ಮಾಡಿದರೆ ನಗು. ಅವಳು ಅನ್ನ ಸೀಯಿಸಿದರೆ ನಗು. ಬೇರೆಯಾದ ಗಂಡ ನಾಲ್ಕು ಕಂತಿಗೊಮ್ಮೆ ಬಾಗಿಲು ತಟ್ಟದೆ ಒಳಗೆ ಬಂದರೆ ಎಲ್ಲಕ್ಕಿಂತ ಜೋರು ನಗು. ಈ ನಗುವಿಗೆ ನಾವು ಯಾರೂ ಬೇಕಾಗಿರಲಿಲ್ಲ. ಧಾರಾವಾಹಿಯವರೇ ಹಿಂದಿನಿಂದ ರೆಕಾರ್ಡು ಹಾಕಿ ನಕ್ಕುಕೊಳ್ಳುತ್ತಿದ್ದರು. ಚಿಕ್ಕಮ್ಮನಂತೂ ಒಂದು ದಿನವೂ ನಕ್ಕದ್ದನ್ನು ನಾನು ಕಾಣೆ. ಕೋಟು ಬಿಚ್ಚದೆ ಸೋಫಾದ ಅಂಚಿಗೆ ಕೂತು, "ಇವಳು ಯಾವಾಗ ಪಾತ್ರೆ ತೊಳೀತಾಳೆ?" ಅನ್ನುವಳು. "ನೋಡು, ಮಗೂಗೆ ಜ್ವರ ಅಂತ ಫೋನ್ ಬಂದ ತಕ್ಷಣ ಎದ್ದು ಬಂದ್ಲು. ಇವಳ ಶಿಫ್ಟ್ ಯಾರು ನೋಡ್ಕೋತಾರಂತೆ?" ಅನ್ನುವಳು. ಗಂಡನನ್ನು ಬಿಡಲು ಪ್ರೇರಣೆ ಪಡೆಯುವವರು ನೋಡುವ ರೀತಿಯೇ ಇದು?

ನಿಜವಾಗಿ ಆ ಧಾರಾವಾಹಿ ನೋಡುತ್ತಿದ್ದವಳು ಚಾರು. ಅವಳು ಅದನ್ನು ಕೈಪಿಡಿಯಂತೆ ನೋಡುತ್ತಿದ್ದಳು. ಅದರಲ್ಲಿ ಗಂಡನನ್ನು ಆಚೆ ಕಳಿಸಿದ್ದು ಹೆಂಡತಿಯೇ. ಅವಳು ಮನಸ್ಸು ಕರಗಿಸಿ ಒಂದು ಮಾತಾಡಿದಾಗಲೆಲ್ಲ ಅವನು ಉಡುಗೊರೆ ಹಿಡಿದು ಬರುತ್ತಾನೆ. ಚಾರು ಇದರಿಂದ ಒಂದು ಸಿದ್ಧಾಂತ ಕಟ್ಟಿಕೊಂಡಿದ್ದಳು: ಅಮ್ಮ ಸಾರಿ ಅಂದರೆ ಅಪ್ಪ ವಾಪಸ್ಸು ಬರುತ್ತಾರೆ. ವಾರಕ್ಕೊಮ್ಮೆಯಾದರೂ, ಕಂತು ಮುಗಿದ ಮೇಲೆ, ಅಮ್ಮನ ಕಡೆ ತಿರುಗದೆ ಕೇಳುವಳು: "ವೆನ್ ಆರ್ ಯೂ ಗೋಯಿಂಗ್ ಟು ಸೇ ಸಾರಿ ಟು ಹಿಮ್?" ಚಿಕ್ಕಮ್ಮ, "ಊಟಕ್ಕೆ ಏಳು" ಅನ್ನುವಳು. ಚಾರು ಬಾಗಿಲನ್ನು ಧಡಾರನೆ ಹಾಕಿಕೊಂಡು ಮೇಲೆ ಹೋಗುವಳು.

ಈ ಸಿದ್ಧಾಂತದ ಮೂಲ ನನಗೆ ಗೊತ್ತಾದದ್ದು ಒಂದು ಭಾನುವಾರ ಮಧ್ಯಾಹ್ನ, ಚಿಕ್ಕಮ್ಮ ಯೂನಿಫಾರ್ಮು ಇಸ್ತ್ರಿ ಮಾಡುತ್ತಿದ್ದಾಗ. ಚಿಕ್ಕಪ್ಪ ಮೈಕ್ರೋವೇವಿನ ಮೇಲೆ ಒಂದು ಚೀಟಿ ಇಟ್ಟು, ಆಫೀಸಿನಲ್ಲಿ ಪರಿಚಯವಾದ ಒಬ್ಬಳ ಜೊತೆ ಲೀಡ್ಸಿಗೆ ಹೋಗಿದ್ದರು. ಚಾರುವಿಗೆ ಏನು ಹೇಳಬೇಕೋ ನೀನೇ ಹೇಳು ಎಂದು ಚೀಟಿಯಲ್ಲಿತ್ತು. ಚಿಕ್ಕಮ್ಮ ಹೇಳಿದಳು: ಅಪ್ಪನಿಗೆ ನಾನೇ ಹೋಗು ಅಂದೆ.

"ಯಾಕೆ ಚಿಕ್ಕಮ್ಮ, ಮಾಡದ ತಪ್ಪನ್ನ ನೀನ್ಯಾಕೆ ಹೊತ್ಕೊಂಡೆ?" ಅಂದೆ.

"ಅಪ್ಪನಿಗೆ ನಾನು ಬೇಡವಾದೆ ಅಂತ ಮಗು ಅಂದ್ಕೋಬಾರ್ದು ಕಣೇ. ಅಮ್ಮ ಕೆಟ್ಟೋಳು ಅಂದ್ಕೊಂಡ್ರೆ ಪರವಾಗಿಲ್ಲ. ಅಮ್ಮ ಇಲ್ಲೇ ಇರ್ತಾಳಲ್ಲ." ತೋಳಿನ ಮಡಿಕೆಯ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿ ಹಿಡಿದಳು. "ಅವಳು ದೊಡ್ಡೋಳಾದ ಮೇಲೆ ನಾನೇ ಹೇಳ್ತೀನಿ."

ಯಾರಿಗೂ ಹೇಳಬೇಡ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಇದನ್ನು ನಾನು ಒಂದು ಅಂಶವಾಗಿ ದಾಖಲಿಸುತ್ತಿದ್ದೇನೆ. ಇಂಥ ಅಂಶಗಳನ್ನು ಇಟ್ಟುಕೊಂಡೇ ನಾನು ಷೀಲ್ಡು ಗೆಲ್ಲುತ್ತಿದ್ದದ್ದು.

ಈಗ ಇಲ್ಲಿನ ನಮ್ಮ ಜನರ ಒಂದು ಪದ್ಧತಿ ಹೇಳಬೇಕು. ಊರಲ್ಲಿ ನಾವು ಚಿಕ್ಕವರಿದ್ದಾಗ, ಮಕ್ಕಳಿಗೆ ತಿಳಿಯಬಾರದ ವಿಷಯ ಬಂದರೆ ದೊಡ್ಡವರು ತಟ್ಟನೆ ಇಂಗ್ಲಿಷಿಗೆ ಹೊರಳುತ್ತಿದ್ದರು. ಇಲ್ಲಿ ಕನ್ನಡಕ್ಕೆ ಹೊರಳುತ್ತಾರೆ. ಯಾರ ಮನೆ ಒಡೆಯಿತು, ಯಾರಿಗೆ ಏನು ಕಾಯಿಲೆ, ಯಾರ ಮಗ ಯಾರ ಜೊತೆ ಓಡಾಡುತ್ತಿದ್ದಾನೆ, ಎಲ್ಲವೂ ಮಕ್ಕಳ ತಲೆಯ ಮೇಲೆ ಕನ್ನಡದಲ್ಲಿ ಹಾದುಹೋಗುತ್ತದೆ. ಅವು ಕೇಳಿಸಿಕೊಳ್ಳುವುದಿಲ್ಲ ಎಂಬ ನಂಬಿಕೆಗೆ ಇರುವ ಏಕೈಕ ಆಧಾರವೆಂದರೆ ಅವು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆ ಎಂಬುದು. ನಾನು ಆ ಹೊತ್ತಿಗೆ ನಾಲ್ಕು ತಿಂಗಳಿಂದ ಚಾರುವಿನ ಜೊತೆಗಿದ್ದೆ. "ಒದ್ದೆ ಷೂ ಒಳಗೆ ತರಬೇಡ" ಅಂದರೆ ಹೊರಗೇ ಬಿಡುತ್ತಿದ್ದಳು. "ಹಾಲು ಮುಗಿದಿದೆ" ಅಂದರೆ ತರಲು ಹೊರಡುತ್ತಿದ್ದಳು. ಸಾಕ್ಷ್ಯ ಕಣ್ಣ ಮುಂದೆಯೇ ಓಡಾಡಿಕೊಂಡಿತ್ತು. ಹನ್ನೆರಡು ಮನೆಯವರ ತರ್ಕವನ್ನು ಆಡಿಕೊಂಡು ನಗುತ್ತಿದ್ದ ನಾನು ಅದನ್ನು ನೋಡಲಿಲ್ಲ.

ಸಂಕ್ರಾಂತಿ ಬಂತು. ಮೈಸೂರಿನಲ್ಲಾದರೆ ಹೊಸ ಲಂಗ ಉಟ್ಟು ಮನೆಮನೆಗೆ ಹೋಗಿ ಎಳ್ಳು ಬೀರಬೇಕು. ಸ್ಟಾಕ್‌ಪೋರ್ಟಿನ ಜನವರಿಯಲ್ಲಿ ಯಾರ ಬಾಗಿಲೂ ಅಷ್ಟು ಹೊತ್ತು ತೆರೆದಿರುವುದಿಲ್ಲ. ಹಾಗಾಗಿ ಹಬ್ಬದ ಹತ್ತಿರದ ಶನಿವಾರ ಒಬ್ಬರ ಮನೆಯಲ್ಲಿ ಎಲ್ಲರೂ ಸೇರಿ ಒಬ್ಬರಿಗೊಬ್ಬರು ಅಲ್ಲೇ ಬೀರಿಕೊಳ್ಳುವುದು. ಆ ಸಲ ಶಾಲಿನಿ ಆಂಟಿಯ ಮನೆ. ಬೆಂಗಳೂರಿನವರು, ಸಾಫ್ಟ್‌ವೇರು ಗಂಡ, ಕೆನೆಬಣ್ಣದ ಕಾರ್ಪೆಟ್ಟು. ಚಿಕ್ಕಮ್ಮನಿಗೆ ಶಿಫ್ಟ್ ಇತ್ತು. ಚಾರುವನ್ನು ನಾನೇ ಕರೆದುಕೊಂಡು ಹೋದೆ.

"ವಾರಿಜ ಬರ್ಲಿಲ್ವಾ?" ಅಂದರು ಆಂಟಿ, ನನ್ನ ಹಣೆಗೆ ಕುಂಕುಮ ಇಡುತ್ತ.

"ಶಿಫ್ಟ್ ಆಂಟಿ."

"ಶಿಫ್ಟೋ, ಸೀರಿಯಲ್ಲೋ?"

ಸೋಫಾ ತುಂಬ ನಗು. ಉಡುಪಿಯ ಜಯಕ್ಕ ಸಕ್ಕರೆ ಅಚ್ಚಿನ ಆನೆಯ ಸೊಂಡಿಲು ಮುರಿಯುತ್ತ, "ಎಂತ ಸೀರಿಯಲ್ ಮಾರಾಯ್ತಿ ಅದು? ಎಷ್ಟು ಗಂಟೆಗೆ ಬರ್ತದೆ ಹೇಳು. ನಾನೂ ಒಂದು ತಿಂಗಳು ನೋಡ್ತೇನೆ, ನಮ್ಮವರು ಹೊರಡ್ತಾರಾ ಅಂತ" ಅಂದರು.

"ತಮಾಷೆ ಅಲ್ಲ ಜಯಕ್ಕ. ಚೆನ್ನಾಗಿದ್ದ ಸಂಸಾರ. ಪಾಪ ಆ ಪ್ರಭಾಕರ್ ಒಂದು ಸೂಟ್‌ಕೇಸ್ ಹಿಡ್ಕೊಂಡು..."

"ಆಂಟಿ, ಅವರ ಮನೆಗೆ ಕೇಬಲ್ ಯಾವಾಗ ಬಂತು ಹೇಳಿ?" ಅಂದೆ ನಾನು.

ಫೆಬ್ರವರಿ, ಜೂನ್ ಎರಡನ್ನೂ ಅವರ ಮುಂದಿಟ್ಟೆ. ಎರಡು ನಿಮಿಷದಲ್ಲಿ ಧಾರಾವಾಹಿ ನಿರ್ದೋಷಿಯೆಂದು ಬಿಡುಗಡೆಯಾಯಿತು. ಜಯಕ್ಕ, "ಹೌದಲ್ಲ!" ಅಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಶಾಲಿನಿ ಆಂಟಿ ಸೋಲೊಪ್ಪುವವರಲ್ಲ. "ಟೀವಿ ಬಿಡಮ್ಮ, ಅವಳು ಗಂಡನನ್ನ ಆಚೆ ಹಾಕಿದ್ದಂತೂ ನಿಜ ತಾನೇ? ಅದಕ್ಕೇನಂತೀಯ ಡಿಬೇಟರ್?" ಅಂದರು. ಗಂಟೆ ಬಾರಿಸುವವರು ಯಾರೂ ಇರಲಿಲ್ಲ.

"ಯಾರೂ ಆಚೆ ಹಾಕಿಲ್ಲ ಆಂಟಿ. ಅವರೇ ಹೋದ್ರು. ಚೀಟಿ ಬರೆದಿಟ್ಟು ಹೋದ್ರು. ಲೀಡ್ಸಲ್ಲಿ ಇನ್ನೊಬ್ಬಳ ಜೊತೆ ಇದಾರೆ. ಎರಡು ವರ್ಷ ಆಗ್ತಾ ಬಂತು, ಮಗಳಿಗೆ ಒಂದು ಫೋನ್ ಮಾಡಿಲ್ಲ. ಈಗ ಹೇಳಿ, ಯಾರು ಪಾಪ?"

ಯಾರೂ ಏನೂ ಹೇಳಲಿಲ್ಲ. ನನಗೆ ಆ ಮೌನದ ರುಚಿ ಗೊತ್ತು. ಎದುರು ತಂಡದವರ ಬಳಿ ಉತ್ತರವಿಲ್ಲದಾಗ ಸಭಾಂಗಣದಲ್ಲಿ ಹರಡುವ ಮೌನ. ಒಂದು ಕ್ಷಣ ಸವಿದೆ, ಸುಳ್ಳೇಕೆ ಹೇಳಲಿ. ಆಮೇಲೆ ಜಯಕ್ಕನ ಕಣ್ಣು ಎಲ್ಲಿ ನೆಟ್ಟಿದೆ ಎಂದು ನೋಡಿದೆ. ಚಾರು ಕಾರ್ಪೆಟ್ಟಿನ ಮೇಲೆ ಕೂತು, ತಟ್ಟೆಯ ಎಳ್ಳಿನಿಂದ ಕೊಬ್ಬರಿ ಚೂರುಗಳನ್ನು ಬೇರೆ ಮಾಡುತ್ತಿದ್ದಳು. ಅವಳಿಗೆ ಕೊಬ್ಬರಿ ಆಗುವುದಿಲ್ಲ. ಆರಿಸುವುದನ್ನು ಅವಳು ನಿಲ್ಲಿಸಲಿಲ್ಲ. ಕೊನೆಯ ಚೂರನ್ನೂ ತಟ್ಟೆಯ ಅಂಚಿಗೆ ಸರಿಸಿ, ಎದ್ದು ನನ್ನ ಪಕ್ಕ ಬಂದು ನಿಂತಳು.

"ಅಕ್ಕ, ಮನೆಗೆ ಹೋಗೋಣ," ಅಂದಳು.

ಅವಳು ನನ್ನೊಡನೆ ಆಡಿದ ಮೊದಲ ಕನ್ನಡ ವಾಕ್ಯ ಅದು. ಒಂದಕ್ಷರವೂ ತಪ್ಪಿರಲಿಲ್ಲ.

ನಮ್ಮ ಹಳೆಯ ತರ್ಕಶಾಸ್ತ್ರದವರು ಮಾತಿನ ಜಗಳವನ್ನು ಮೂರು ಬಗೆ ಮಾಡಿದ್ದಾರೆ. ನಿಜ ತಿಳಿಯಬೇಕೆಂದು ಆಡುವುದು ವಾದ. ಗೆಲ್ಲಬೇಕೆಂದು ಆಡುವುದು ಜಲ್ಪ. ಎದುರಿನವನದನ್ನು ಒಡೆದರೆ ಸಾಕು, ನನ್ನದೇನೂ ಇಲ್ಲ ಎಂದು ಆಡುವುದು ವಿತಂಡ. ನಾನು ಆಡಿದ್ದು ಯಾವುದೆಂದು ಬಹಳ ದಿನ ಲೆಕ್ಕ ಹಾಕಿದೆ. ಹೇಳಿದ್ದೆಲ್ಲ ನಿಜ, ಆದ್ದರಿಂದ ವಾದ ಎಂದು ನನ್ನ ಪರವಾಗಿ ನಾನೇ ವಾದಿಸಿದೆ. ಆದರೆ ಆ ಕೋಣೆಯಲ್ಲಿ ನಿಜ ಬೇಕಾಗಿದ್ದವರು ಯಾರಿದ್ದರು? ಆ ಶಾಸ್ತ್ರಕಾರರು ನಾಲ್ಕನೆಯ ಬಗೆಯೊಂದನ್ನು ಬಿಟ್ಟುಬಿಟ್ಟಿದ್ದಾರೆ ಅನ್ನಿಸುತ್ತದೆ: ಯಾರ ಪರವಾಗಿ ಮಾತಾಡುತ್ತೇವೋ ಅವರನ್ನೇ ಸೋಲಿಸುವ ಮಾತು.

ಆ ಸಂಜೆ ಆರೂವರೆಗೆ ಚಾರು ಟೀವಿ ಹಾಕಲಿಲ್ಲ. ಚಿಕ್ಕಮ್ಮ ಬಂದವಳು, "ಯಾಕೆ, ಕೆಟ್ಟೋಯ್ತಾ?" ಅಂದಳು. ಚಾರು ಅವಳ ಬ್ಯಾಗು ಇಸಿದುಕೊಂಡು ಇಂಗ್ಲಿಷಿನಲ್ಲಿ, ಕೂತುಕೋ ಅಮ್ಮ, ನಾನು ಟೀ ಮಾಡುತ್ತೇನೆ ಎಂದಳು. ಚಿಕ್ಕಮ್ಮ ನನ್ನ ಮುಖ ನೋಡಿದಳು. ಚಾರು ಮಲಗಲು ಹೋದ ಮೇಲೆ ಎಲ್ಲ ಹೇಳಿದೆ. ಬೈಯಲಿಲ್ಲ. "ಸುಳ್ಳೇನೂ ಹೇಳ್ಲಿಲ್ವಲ್ಲ ನೀನು," ಅಂದಳು.

ನನಗೆ ಸುಮ್ಮನಿರಲು ಬರುವುದಿಲ್ಲ. "ಇನ್ಮೇಲೆ ಅವಳಿಗೆ ನಿನ್ ಮೇಲೆ ಕೋಪ ಇರಲ್ಲ ಚಿಕ್ಕಮ್ಮ," ಅಂದೆ.

"ಅದೇ," ಅಂದಳು.

ಆ ಒಂದು ಮಾತು ನನಗೆ ಅರ್ಥವಾಗಲು ವಾರಗಳು ಬೇಕಾದವು. ಬಾಗಿಲು ಧಡಾರೆನ್ನುವುದು ನಿಂತಿತು. ಸಾರಿ ಕೇಳು ಎನ್ನುವುದು ನಿಂತಿತು. ಚಾರು ಅಮ್ಮನ ಜೊತೆ ಮೆಲ್ಲಗೆ, ಬಹಳ ಮರ್ಯಾದೆಯಿಂದ, ಹಾಸಿಗೆ ಹಿಡಿದವರ ಜೊತೆ ಮಾತಾಡುವ ಹಾಗೆ ಮಾತಾಡತೊಡಗಿದಳು. ರೋಟಾ ನೋಡಿಕೊಂಡು ತಾನೇ ತಟ್ಟೆ ಜೋಡಿಸುವಳು. ಜಗಳವಾಡಲು ಒಬ್ಬ ಅಮ್ಮ ಇದ್ದ ಹುಡುಗಿಗೆ, ನೋಡಿಕೊಳ್ಳಬೇಕಾದ ಒಬ್ಬ ಅಮ್ಮ ಸಿಕ್ಕಿದ್ದಳು. ಹನ್ನೆರಡು ಮನೆಯವರೂ ತೀರ್ಪು ತಿದ್ದಿಕೊಂಡರು. ಶಾಲಿನಿ ಆಂಟಿ ಫೋನಿನಲ್ಲಿ ಅತ್ತೇಬಿಟ್ಟರಂತೆ. ಆದರೆ ಆ ವರ್ಷ ವರಮಹಾಲಕ್ಷ್ಮಿಗೆ ಯಾರೂ ಚಿಕ್ಕಮ್ಮನನ್ನು ಕರೆಯಲಿಲ್ಲ. ಗಂಡನನ್ನು ಬಿಟ್ಟವಳನ್ನು ಆಡಿಕೊಳ್ಳಲಿಕ್ಕಾದರೂ ಕರೆಯುತ್ತಿದ್ದರು. ಗಂಡ ಬಿಟ್ಟವಳಿಗೆ ಕುಂಕುಮ ಕೊಡುವಾಗ ಯಾವ ಮುಖ ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲವೇನೋ.

ಓದು ಮುಗಿದು ಬರ್ಮಿಂಗ್‌ಹ್ಯಾಮಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಸೆಲ್ಲಿ ಓಕಿನಲ್ಲಿ ನಾಲ್ವರ ಜೊತೆ ಒಂದು ಮನೆ. ಚಿಕ್ಕಮ್ಮ ಕೆಲಸಕ್ಕೆ ಹೋಗಿದ್ದರಿಂದ ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದವಳು ಚಾರು. ನನ್ನ ಕೈಚೀಲ ತಾನೇ ಹೊತ್ತಿದ್ದಳು, ಬೇಡವೆಂದರೂ ಕೊಡಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಗಾಳಿ. ರೈಲು ಏಳು ನಿಮಿಷ ತಡ ಎಂದು ಬೋರ್ಡು ತೋರಿಸುತ್ತಿತ್ತು. ಒಂಬತ್ತು ತಿಂಗಳಿಂದ ತಯಾರಿ ಮಾಡಿಕೊಂಡಿದ್ದ ಮಾತಿಗೆ ಏಳು ನಿಮಿಷ ಧಾರಾಳವಾಗಿತ್ತು. ಕ್ಷಮೆ, ಕಾರಣ, ಸಮರ್ಥನೆ, ಎಲ್ಲಕ್ಕೂ ಕ್ರಮ ಹಾಕಿಕೊಂಡಿದ್ದೆ. ಏಳು ನಿಮಿಷವೂ ಬೋರ್ಡನ್ನೇ ನೋಡುತ್ತ ನಿಂತೆ. ರೈಲು ಬಂದು ನಿಂತಿತು. ಅವಳು ಚೀಲವನ್ನು ನನ್ನ ಕೈಗೆ ಕೊಟ್ಟಳು. ಬಾಗಿಲಲ್ಲಿ ನಿಂತು, ಕನ್ನಡದಲ್ಲೇ ಕೇಳಿದೆ:

"ಚಾರು, ಅವತ್ತು ನಾನು ಬಾಯಿ ಮುಚ್ಕೊಂಡಿದ್ದಿದ್ರೆ, ನೀನು ಇನ್ನೂ ಅಪ್ಪನಿಗೆ ಕಾಯ್ತಾ ಇರ್ತಿದ್ಯಾ?"