ಶ್ರಾವಣಿ ಬಿಟ್ಟುಕೊಟ್ಟ ಬಸ್ಸು

ಕಣ್ಣೆದುರಿಗೇ ಬಸ್ ಬಂತು. ನಿಲ್ಲಿಸಲೆಂದು ನಾನು ಕೈ ಎತ್ತಿದೆ. ಪಕ್ಕದಲ್ಲಿದ್ದ ನನ್ನ ತಂಗಿಯ ಮಗಳು ಶ್ರಾವಣಿ ಗಬಕ್ಕನೆ ಆ ಕೈ ಹಿಡಿದು ಕೆಳಗೆ ಎಳೆದಳು. ಬಸ್ ಭರ್ರನೆ ಹೋಯಿತು. ಅವತ್ತು ಮೊದಲನೇ ಪೀರಿಯಡ್‌ಗೆ ಅವಳದೇ ಮ್ಯಾಥ್ಸ್ ಟೆಸ್ಟು!

ಹುಡುಗಿಗೆ ಹುಚ್ಚು ಹಿಡಿದಿದೆಯಾ? ನನಗೂ ಹಾಗೇ ಅನ್ನಿಸಿತು. ಮೊದಲಿಂದ ಹೇಳುತ್ತೇನೆ, ಕೇಳಿ.

ನಾನಿರುವುದು ಆಂಧ್ರದ ಹಿಂದೂಪುರದಲ್ಲಿ. ತಂಗಿ ಭಾಗ್ಯಳನ್ನು ಕೊಟ್ಟಿರುವುದು ಕಲ್ಯಾಣದುರ್ಗದ ಹತ್ತಿರದ ಹಳ್ಳಿಗೆ. ಅಲ್ಲಿನ ಮಕ್ಕಳು ಆರನೇ ಕ್ಲಾಸಿಂದಲೇ ಹೈಸ್ಕೂಲಿಗೆ ಬಸ್ಸಲ್ಲಿ ಕಲ್ಯಾಣದುರ್ಗಕ್ಕೇ ಹೋಗಬೇಕು. ಹೋದ ವಾರ ಭಾಗ್ಯಳ ಫೋನು.

"ಅಕ್ಕಾ, ಒಂದ್ಸಲ ಬಂದೋಗು. ಇವ್ಳೀಗ ಟೆನ್ತ್ ಕಣಕ್ಕಾ. ಊರ ಮಕ್ಕಳ್ನೆಲ್ಲ ಬಸ್ ಹತ್ಸೋ ಲೀಡರ್‌ಗಿರಿ ಇವ್ಳಿಗ್ಯಾಕೆ? ನಾನೇಳಿದ್ರೆ ಕೇಳಲ್ಲ. ನೀನಾದ್ರೂ ಬಿಡಿಸ್ಬುಡು."

ಬುದ್ಧಿ ಹೇಳೋಕೆ ಕರೆದರೆ ನಾನು ಬಿಡುತ್ತೇನೆಯೇ? (ನಮ್ಮನೆಯಲ್ಲಿ ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.) ಹೊರಟೇಬಿಟ್ಟೆ.

ಮೊದಲೆಲ್ಲ ಬಸ್ ಕಂಡ ಕೂಡಲೇ ಆ ಊರಿನ ಮಕ್ಕಳು ಮುಗಿಬೀಳುತ್ತಿದ್ದರಂತೆ. ಇಳಿಯುವವರಿಗೆ ದಾರಿಯಿಲ್ಲ, ಬಾಗಿಲಲ್ಲೇ ಜಗಳ. ಡ್ರೈವರ್ ದೂರದಿಂದಲೇ ಗುಂಪು ನೋಡಿ ನಿಲ್ಲಿಸದೇ ಹೋಗುತ್ತಿದ್ದ. ಎಂಟನೇ ಕ್ಲಾಸಲ್ಲಿದ್ದಾಗ ಶ್ರಾವಣಿ ಅವನನ್ನೇ ಕೇಳಿದಳು, ಸಾಲಾಗಿ ನಿಂತರೆ ನಿಲ್ಲಿಸುತ್ತೀರಾ ಅಂತ. "ಲೈನ್‌ಲೋ ಉಂಟೇ ಆಪುತಾಲೇ ಪಾಪಾ" ಅಂದ ಅವನು ತೆಲುಗಲ್ಲಿ, ಸಾಲಲ್ಲಿದ್ದರೆ ನಿಲ್ಲಿಸ್ತೀನಮ್ಮ ಅಂತ. ಅವತ್ತಿನಿಂದ ಸಾಲಿದ್ದರೆ ಬಸ್ ನಿಲ್ಲುತ್ತದೆ, ಗುಂಪಿದ್ದರೆ ಇಲ್ಲ. ಚಿಕ್ಕವರು ಮುಂದೆ, ದೊಡ್ಡವರು ಹಿಂದೆ. ಸಾಲಿನ ಜವಾಬ್ದಾರಿ ಶ್ರಾವಣಿಯದು.

ರಾತ್ರಿ ಊಟಕ್ಕೆ ಕೂತಾಗ ನನ್ನ ಉಪನ್ಯಾಸ ಶುರುವಾಯಿತು. ಅವಳು ಅರ್ಧಕ್ಕೇ ತಡೆದಳು.

"ಬಿಡ್ತೀನಿ ದೊಡ್ಡಮ್ಮ. ಲಿಖಿತಾಗೆ ಒಪ್ಪಿಸ್ಬುಟ್ಟಿದೀನಿ. ನಾಳೆ ಅವ್ಳೇ ನಿಲ್ಲಿಸೋದು."

ಲಿಖಿತಾ ಏಳನೇ ಕ್ಲಾಸಿನ ಹುಡುಗಿ. ಭಾಗ್ಯಳ ಮುಖ ಅರಳಿತು. ಇಷ್ಟು ಸುಲಭವೇ ಅಂತ ನಾನೂ ಬೀಗಿದೆ.

ಬೆಳಿಗ್ಗೆ ನಾನೂ ಬಸ್‌ಸ್ಟಾಪಿಗೆ ಹೋದೆ. ಲಿಖಿತಾ ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದಳು. ಕೇಳುವವರು ಯಾರು? ಇಬ್ಬರು ಹುಡುಗರು ತಳ್ಳಾಡಿದರು, ಸಾಲು ಹೋಗಿ ಸಂತೆಯಾಯಿತು. ಶ್ರಾವಣಿ ಹಿಂದೆ ನನ್ನ ಪಕ್ಕದಲ್ಲಿ ತುಟಿ ಕಚ್ಚಿ ನಿಂತಿದ್ದಳು. ಆಮೇಲಿನದು ನಿಮಗೆ ಗೊತ್ತು.

ನನಗೆ ಸಿಟ್ಟು ನೆತ್ತಿಗೇರಿತು. "ನೀನೊಂದು ಮಾತು ಹೇಳಿದ್ರೆ ಏನಾಗ್ತಿತ್ತೇ?"

"ಬಸ್ ನಿಲ್ತಿತ್ತು ದೊಡ್ಡಮ್ಮ. ನಾಳೆನೂ ನಾನೇ ಹೇಳ್ಬೇಕಾಗ್ತಿತ್ತು."

ಲಿಖಿತಾ ಅಳುತ್ತಾ ಬಂದಳು. "ಅಕ್ಕಾ, ನನ್ ಕೈಲಾಗಲ್ಲ. ನಾಳೆಯಿಂದ ನೀನೇ ನಿಂತ್ಕೋ."

"ಊಹೂಂ. ಕಿರುಚ್ಬೇಡ ಕಣೇ. ತಳ್ಳಾಡ್ತಾರಲ್ಲ, ಅವ್ರಿಬ್ರಿಗೂ ಕೆಲ್ಸ ಕೊಡು. ಚಿಕ್ಕೋರ ಬ್ಯಾಗ್ ಹಿಡ್ಕೊಳ್ಲಿ."

ಶೇರ್ ಜೀಪಿಗೆ ಕಾದು ಸ್ಕೂಲು ಮುಟ್ಟುವಷ್ಟರಲ್ಲಿ ಅರ್ಧ ಟೆಸ್ಟು ಮುಗಿದಿತ್ತು.

ನಮ್ಮ ಸ್ಕೂಲುಗಳಲ್ಲಿ ಲೀಡರ್ ಅಂದರೆ ಯಾರು ಹೇಳಿ? ಚಾಕ್‌ಪೀಸ್ ತರುವವನು, ಟೀಚರ್ ಬರುವ ತನಕ "ಸೈಲೆನ್ಸ್" ಅಂತ ಮೇಜು ಕುಟ್ಟುವವನು. ಎದೆಗೊಂದು ಬ್ಯಾಡ್ಜ್, ಫೇಸ್‌ಬುಕ್ಕಿಗೊಂದು ಫೋಟೋ. ಸರಿ, ಅಷ್ಟಾದರೂ ಇರಲಿ ಅಂದರೆ, ಟೆನ್ತ್ ಬಂತೋ ಅದನ್ನೂ ಕಿತ್ತುಕೊಳ್ಳುತ್ತೇವೆ! ಕಾಯಿ ಕಟ್ಟುವ ಹೊತ್ತಿಗೆ ಕಡಲೆಗಿಡ ಕಿತ್ತ ಹಾಗೆ. ಜವಾಬ್ದಾರಿ ಹೊರೋದು ಆರನೇ ಕ್ಲಾಸಲ್ಲಿ ಕಲಿಯಬಹುದು. ಇನ್ನೊಬ್ಬರಿಗೆ ಹೊರೋದು ಕಲಿಸುವುದು ಹತ್ತನೇ ಕ್ಲಾಸಿನ ಪಾಠ, ಅದೇ ಕಷ್ಟದ್ದು. ಆ ವರ್ಷವೇ ನಾವು ಮಕ್ಕಳನ್ನು ಕೋಣೆಗೆ ದೂಡಿ ಬಾಗಿಲು ಹಾಕುತ್ತೇವೆ. (ನಾನೂ ಅದಕ್ಕೇ ಬಂದವಳು ತಾನೆ?)

ಮಾರನೆ ದಿನವೂ ಅಲ್ಲೇ ಉಳಿದೆ. ತಳ್ಳಾಡುತ್ತಿದ್ದ ಆ ಹುಡುಗರು ನಾಲ್ಕಾರು ಬ್ಯಾಗು ನೇತುಹಾಕಿಕೊಂಡು ಗಂಭೀರವಾಗಿ ನಿಂತಿದ್ದರು. ಸಾಲು ಸೊಟ್ಟಗಿತ್ತು. ಆದರೂ ಬಸ್ ನಿಂತಿತು. ಶ್ರಾವಣಿ ಎಲ್ಲರಿಗಿಂತ ಕೊನೆಗೆ ಹತ್ತಿದಳು. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ?

ಭಾಗ್ಯಳ ಸಿಟ್ಟು ಮಾತ್ರ ಇಳಿದಿರಲಿಲ್ಲ. ನಾನು ಊರಿಗೆ ಹೊರಟಾಗ ಅಡ್ಡ ನಿಂತಳು. "ಸಾಕು ಇವ್ಳ ಪಾಠ. ನಾಳೆಯಿಂದ ಇವ್ಳು ಅವ್ರಪ್ಪನ ಬೈಕಲ್ಲಿ ಹೋಗ್ಲಿ."

"ಬೈಕು ಬೇಡ ಭಾಗ್ಯಾ. ಲಿಖಿತಾ ಕಲಿಯೋ ಗಂಟ ಇವಳು ಬಸ್‌ಸ್ಟಾಪಿಗೇ ಹೋಗ್ಲಿ."

"ಮಾರ್ಕ್ಸ್ ಹೋದ್ರೆ ನೀನು ಉತ್ತರ ಹೇಳ್ತೀಯೇನಕ್ಕಾ?"

"ನಾನೇ ಹೇಳ್ತೀನಿ ಕಣಮ್ಮ. ಇವಳು ಟೆನ್ತ್ ಮುಗಿಸಿ ಹೋದ್ಮೇಲೆ ಆ ಮಕ್ಕಳೆಲ್ಲ ರೋಡಲ್ಲೇ ಉಳಿದ್ರೆ, ನೀನು ಹೇಳ್ತೀಯಾ?"