ನಾಯಿ ಮುಟ್ಟದ ರೊಟ್ಟಿ

ಗೆಳೆಯರೇ, ಈವತ್ತು ಒಂದು ನಾಯಿ ನಮ್ಮನ್ನೆಲ್ಲ ಉಪವಾಸ ಕೂರಿಸಿಬಿಟ್ಟಿತ್ತು.

ಹಂಪಿಯ ಹೊಳೆದಂಡೆಯಲ್ಲಿ ನಮ್ಮದೊಂದು ಸಣ್ಣ ವಸತಿಮನೆ. ನಾಯಿ ತಂದವರಿಗೂ ಇಲ್ಲಿ ಜಾಗವಿದೆ. ಹೊಳೆಯ ಅಳತೆಗೆ ಬಂದಿರುವ ಓವರ್ಸಿಯರರು ತಮ್ಮ ಜನರನ್ನು ಬೇಸಿಗೆಯಿಡೀ ಇಲ್ಲಿ ಇಳಿಸಬಹುದೇ ಎಂದು ನೋಡಲು ಮಧ್ಯಾಹ್ನ ಊಟಕ್ಕೇ ಬಂದರು. ಅವರು ಒಲ್ಲೆನೆಂದರೆ ಈ ವರ್ಷ ಮನೆಗೆ ಬೀಗವೇ ಗತಿ.

ನಮ್ಮ ಮನೆದೇವರು ಮೈಲಾರಲಿಂಗ. ನಾಯಿ ಆತನ ಸಂಗಾತಿ, ಅದಕ್ಕೇ ಭಾನುವಾರ ಮೊದಲ ರೊಟ್ಟಿ ನಾಯಿಗೆ. ಯಾವ ನಾಯಿಗೆ ಇಟ್ಟೆವೋ ಅದೇ ತಿನ್ನಬೇಕು, ಆಮೇಲೆ ಮನುಷ್ಯರಿಗೆ. ಇವತ್ತು ನನ್ನ ಹೆಂಡತಿ ಗಂಗವ್ವ ನಮ್ಮಲ್ಲಿ ಇಳಿದಿರುವ ಮದರಾಸಿನ ಅತಿಥಿಯ ನಾಯಿಗೆ ರೊಟ್ಟಿ ಇಟ್ಟಳು. ಅದರ ಯಜಮಾನರು ಗುಡಿ ನೋಡಲು ಹೋಗಿದ್ದರು. ನಾಯಿ ರೊಟ್ಟಿಯನ್ನು ಮೂಸಿ, ಮುಖ ತಿರುಗಿಸಿ ಮಲಗಿತು.

"ನನಗಿಂತ ಮೊದ್ಲು ನಾಯಿಗೇನ್ರಿ?" ಓವರ್ಸಿಯರರ ಮುಖ ಕೆಂಪಾಯಿತು.

"ಅದು ತಿನ್ನೋತನಕ ಯಾರಿಗೂ ಬಡಸಂಗಿಲ್ರಿ ಸಾಹೇಬ್ರ," ಎಂದಳು ಗಂಗವ್ವ.

"ಹಂಗಾದ್ರ ನಾ ಹೊಂಟೆ."

ಅವರು ಎದ್ದು ಹೊಸ್ತಿಲವರೆಗೂ ಹೋದರು. ಅಷ್ಟರಲ್ಲಿ ಒಳಗಿನಿಂದ ಬದನೆಕಾಯಿ ಎಣ್ಣೆಗಾಯಿಯ ಘಮ ಬಂತು. ನಿಂತರು. ತಿರುಗಿ ಬಂದು, ನಾಯಿಗಿಟ್ಟ ರೊಟ್ಟಿಯನ್ನೇ ಮುರಿದುಕೊಂಡು ನಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

"ತಿನ್ನಪಾ, ನಮ್ಮಪ್ಪ. ನನಗ ಭಾಳ ಹಸಿವಾಗೇತಿ."

ನಾಯಿ ಅವರನ್ನು ಬಹಳ ಹೊತ್ತು ನೋಡಿ, ಅವರ ಕೈಯಿಂದಲೇ ಒಂದು ತುಣುಕು ತಿಂದಿತು.

ಉಂಡು ಕೈತೊಳೆದವರು, "ನಾಳಿಂದ ನಮ್ಮ ಮಂದಿ ಬರ್ತಾರ," ಎಂದು ಹೇಳಿ ಹೋದರು. ಮದರಾಸಿನವರು ನಾಯಿ ಸಮೇತ ನಾಳೆಯೇ ರೈಲು ಹತ್ತುತ್ತಾರೆ. ನಿಮ್ಮಲ್ಲಿ ಯಾರ ಬಳಿಯಾದರೂ ರೊಟ್ಟಿ ತಿನ್ನುವ ನಾಯಿಯಿದ್ದರೆ ಮುಂದಿನ ಭಾನುವಾರ ಕರೆತನ್ನಿ. ಊಟ ನಿಮಗೂ ಇದೆ, ಆದರೆ ಅದರ ನಂತರ.