ಮಹಡಿಯ ಅಕ್ಕನ ಹತ್ತು ದಿನದ ರಜೆ

ಮೊನ್ನೆ ಶನಿವಾರ ಅಮ್ಮ ಚಟ್ನಿಗೆಂದು ಒಣ ಸಿಗಡಿ ಹುರಿಯುತ್ತಿದ್ದರು. ಕಡಿಯಾಳಿಯ ನಮ್ಮ ಮನೆಗೆ ಈ ವಾಸನೆ ಹೊಸದೇನಲ್ಲ. ಆದರೂ ಅವತ್ತು ನಾನು ಲ್ಯಾಪ್‌ಟಾಪ್ ಬಿಟ್ಟು ಮೆಟ್ಟಿಲ ಕಡೆ ನೋಡಿದೆ. ಏಳು ವರ್ಷದ ಹಿಂದಾಗಿದ್ದರೆ ಈ ಹೊತ್ತಿಗೆ ಮಹಡಿಯಿಂದ ದಡದಡ ಇಳಿದು ಬರುವ ಸದ್ದು ಕೇಳಬೇಕಿತ್ತು... ಈಗ ಮಹಡಿಯಲ್ಲಿರುವ ಬ್ಯಾಂಕಿನವರಿಗೆ ಮೀನಿನ ವಾಸನೆಯೇ ಆಗುವುದಿಲ್ಲ. ಕಿಟಕಿ ಮುಚ್ಚಿದ ಸದ್ದು ಮಾತ್ರ ಕೇಳಿತು.

ಆಗ ಅಲ್ಲಿ ಬಾಡಿಗೆಗೆ ಇದ್ದದ್ದು ಒಬ್ಬಳು ಅಕ್ಕ. ಮಲೇಷ್ಯಾದವಳು. ಮಣಿಪಾಲದಲ್ಲಿ ಡಾಕ್ಟರ್ ಓದಲು ಬಂದಿದ್ದಳು. ಅವಳ ಅಪ್ಪ ಅಲ್ಲಿಯ ಕಡಲತೀರದ ಹಳ್ಳಿಯೊಂದರಲ್ಲಿ ಮೀನು ಹಿಡಿಯುವವರು. ಅವಳಿಗೆ ಬರುತ್ತಿದ್ದದ್ದು ರೋಗಿಗಳ ಹತ್ತಿರ ಮಾತಾಡಲೆಂದು ಕಲಿತ ಕನ್ನಡ ಅಷ್ಟೇ. ಹಾಗಾಗಿ ಅಮ್ಮ ಎದುರು ಸಿಕ್ಕಿದಾಗಲೆಲ್ಲ, "ಆಂಟಿ, ಹಸಿವು ಉಂಟಾ? ರಾತ್ರಿ ನಿದ್ದೆ ಬರ್ತದಾ?" ಎಂದು ವಿಚಾರಿಸುತ್ತಿದ್ದಳು.

"ಇವಳು ಒಂದು ದಿನ ನಿನ್ನನ್ನು ಅಡ್ಮಿಟ್ ಮಾಡಿಯೇ ಬಿಡುವುದು" ಎಂದು ಅಪ್ಪ ನಗುತ್ತಿದ್ದರು.

ನಾನಾಗ ಬಿ.ಕಾಂ. ಓದುತ್ತಿದ್ದೆ. ಪಾಠಕ್ಕಿಂತ ಟೂರ್ ಪ್ಲಾನ್ ಮಾಡುವ ಹುಚ್ಚು ಜಾಸ್ತಿ. ಯಾರೂ ಕಲಿಸಿದ್ದಲ್ಲ, ವಿಡಿಯೋ ನೋಡಿ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಲಿತದ್ದು. ಇಂದ್ರಾಳಿ ಸ್ಟೇಷನ್ನಿಗೆ ಯಾವ ರೈಲು ಎಷ್ಟು ಹೊತ್ತಿಗೆ, ಕಾರ್ಕಳಕ್ಕೆ ಕೊನೆಯ ಬಸ್ಸು ಯಾವುದು, ಎಲ್ಲ ಬಾಯಿಪಾಠ. "ಇವನು ಹೆಜಮಾಡಿ ದಾಟಿ ಹೋದದ್ದಿಲ್ಲ, ಕೊಚ್ಚಿಗೆ ದಾರಿ ಹೇಳ್ತಾನೆ ಮಾರಾಯ" ಎಂದು ಗೆಳೆಯರು ಗೇಲಿ ಮಾಡುತ್ತಿದ್ದರು. ಸುಳ್ಳಲ್ಲ. ನನ್ನ ಪ್ಲಾನ್ ಹಿಡಿದುಕೊಂಡು ಆವರೆಗೆ ಒಬ್ಬರೂ ಎಲ್ಲಿಗೂ ಹೋಗಿರಲಿಲ್ಲ.

ಆ ಸಲ ಪರೀಕ್ಷೆ ಮುಗಿದ ಮೇಲೆ ಅಕ್ಕನಿಗೆ ಹತ್ತು ದಿನ ರಜೆ ಸಿಕ್ಕಿತು. ಊರಿಗೆ ಹೋಗಿ ಬರಲು ಅದು ಸಾಲದು. ಅವಳು ಕೇಳುವ ಮೊದಲೇ ನಾನು ಎಕ್ಸೆಲ್ ಶೀಟ್ ತೆರೆದು ಕೂತಿದ್ದೆ. ಮೊದಲ ದಿನ ಕಾರ್ಕಳದ ಗೊಮ್ಮಟಬೆಟ್ಟ, ಆಮೇಲೆ ಗೋಕರ್ಣ, ಗೋವಾ, ಕೊಚ್ಚಿ. ಪ್ರತಿ ಊರಿಗೂ ಒಂದೊಂದು ಬಣ್ಣ.

ಅವಳು ತುಂಬಾ ಹೊತ್ತು ನೋಡಿದಳು. "ಚಂದ ಉಂಟು ತಮ್ಮಾ. ಆದರೆ ನನಗೆ ಹೆಜಮಾಡಿ ಬೇಕು."

"ಹೆಜಮಾಡಿಯಲ್ಲಿ ಎಂತ ಉಂಟು ಅಕ್ಕಾ?"

"ನಿಮ್ಮ ದೊಡ್ಡಮ್ಮನ ಮನೆ ಉಂಟಲ್ಲ. ದೋಣಿ ಉಂಟು, ಬಲೆ ಉಂಟು. ನಾಲ್ಕು ದಿನ ಇರ್ತೇನೆ. ಕೆಲಸ ಮಾಡಿಕೊಡ್ತೇನೆ."

ದೊಡ್ಡಮ್ಮನ ಮನೆ ಎಂದರೆ ಒಂದು ಚಾವಡಿ, ಒಂದು ಕೋಣೆ, ಹೊರಗೆ ಪಾಯಿಖಾನೆ, ಅಂಗಳದ ತುಂಬಾ ಒಣಹಾಕಿದ ಮೀನು. ಹೊರದೇಶದವರನ್ನು ಅಲ್ಲಿ ಹೇಗೆ ಮಲಗಿಸುವುದು? ನಮ್ಮಲ್ಲಿ ನೆಂಟರಿಗೆ ಒಳ್ಳೆಯದನ್ನು ಕೊಡಲಾಗದಿದ್ದರೆ ಕರೆಯದೇ ಇರುವುದೇ ಮರ್ಯಾದೆ. ಇದು ಅರ್ಧ ಕಾರಣ. ಇನ್ನರ್ಧ ಹೇಳಲು ಈಗಲೂ ನಾಚಿಕೆ... ನನ್ನ ಶೀಟ್ ಹಾಳಾಗುವುದು ನನಗೆ ಬೇಡವಾಗಿತ್ತು.

"ಅಲ್ಲಿ ಈಗ ಅಮೆ ಉಂಟು ಅಕ್ಕಾ" ಎಂದುಬಿಟ್ಟೆ. ಅಮೆ ಎಂದರೆ ಮಗು ಹುಟ್ಟಿದ ಮನೆಯ ಸೂತಕ, ಹೊರಗಿನವರು ಹೋಗಿ ಉಳಿಯುವ ಹಾಗಿಲ್ಲ ಎಂದು ವಿವರಿಸಿದೆ. ಸಾವಿನ ಸುಳ್ಳು ಹೇಳಿದರೆ ಕೇಡು, ಹುಟ್ಟಿನ ಸುಳ್ಳಿಗೆ ಏನೂ ಆಗುವುದಿಲ್ಲ ಎಂದುಕೊಂಡಿದ್ದೆ.

"ಎಷ್ಟು ದಿನ?"

"ಹನ್ನೊಂದು."

ಅವಳ ರಜೆ ಹತ್ತು ದಿನ. ಆದರೂ ಅವಳ ಮುಖ ಅರಳಿತು. "ಹೆಣ್ಣಾ, ಗಂಡಾ? ತಾಯಿ ಹುಷಾರಿದ್ದಾರಾ?"

"ಹೆಣ್ಣು" ಎಂದೆ.

ಆ ಮನೆಗೆ ಇದ್ದದ್ದು ಒಬ್ಬಳೇ ಸೊಸೆ, ನನ್ನ ಅತ್ತಿಗೆ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಹರಕೆ ಹೊತ್ತು, ಔಷಧಿ ಮಾಡಿ, ಸುಸ್ತಾಗಿದ್ದರು. ಸುಳ್ಳು ಹೇಳುವಾಗ ಅವರ ಮುಖ ನನ್ನ ನೆನಪಿಗೇ ಬರಲಿಲ್ಲ.

ಮರುದಿನ ಮಧ್ಯಾಹ್ನ ದೊಡ್ಡಮ್ಮನ ಫೋನು. "ನಮ್ಮ ಮನೆಯಲ್ಲಿ ಯಾವ ಮಗು ಹುಟ್ಟಿದ್ದು ಮಾರಾಯ?" ಸ್ವರದಲ್ಲಿ ನಗು ಇರಲಿಲ್ಲ.

ಅಕ್ಕ ಮಂಗಳೂರು ಬಸ್ಸು ಹತ್ತಿ, ಕೇಳಿಕೊಂಡು ಕೇಳಿಕೊಂಡು ಮನೆ ಹುಡುಕಿದ್ದಳು. ಅಮೆ ಉಂಟಲ್ಲ ಎಂದು ಅಂಗಳಕ್ಕೂ ಕಾಲಿಡದೆ ಬೇಲಿಯ ಹೊರಗೇ ನಿಂತು ಕರೆದಿದ್ದಳು. ಅತ್ತಿಗೆ ಹೊರಗೆ ಬಂದಾಗ, "ಒಳಗೆ ಬರುವುದಿಲ್ಲ. ಇದು ಮಗುವಿಗೆ" ಎಂದು ಪುಟ್ಟ ಉಲ್ಲನ್ ಟೊಪ್ಪಿಯೊಂದನ್ನು ಚಾಚಿದ್ದಳು. ಅವಳ ಊರಿನಲ್ಲಿ ಮಗು ಹುಟ್ಟಿದೆ ಎಂದು ಗೊತ್ತಾದ ಮೇಲೂ ಹೋಗದೆ ಇರುವುದು ಸರಿಯಲ್ಲವಂತೆ.

ಅತ್ತಿಗೆ ಟೊಪ್ಪಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರಂತೆ. ಆಮೇಲೆ, "ಮಗು ಇಲ್ಲ. ನೀನು ಒಳಗೆ ಬಾ ಮಾರಾಯ್ತಿ, ಊಟ ಮಾಡು" ಎಂದರಂತೆ. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ಉಂಡ ಮೇಲೆ ಇಬ್ಬರೂ ಅಂಗಳದಲ್ಲಿ ಕೂತು ಸಂಜೆಯವರೆಗೆ ಮೀನು ಕೊಯ್ದರಂತೆ.

ಅವಳು ವಾಪಸು ಬಂದಾಗ ನಾನು ಮೆಟ್ಟಿಲ ಮೇಲೆ ಕೂತಿದ್ದೆ.

"ಬೇಡ ಅಂತ ಹೇಳಿದ್ದರೆ ಸಾಕಿತ್ತು" ಎಂದಳು. ನಾನು ಚಿಕ್ಕವನಾದರೂ ಯಾವಾಗಲೂ ನೀವು, ತಮ್ಮಾ ಎನ್ನುತ್ತಿದ್ದವಳು. ಅವತ್ತು ತಮ್ಮಾ ಎನ್ನಲಿಲ್ಲ.

"ಅಲ್ಲಿ ನಿಮಗೆ ಕಷ್ಟ ಆಗ್ತದೆ ಅಂತ..."

"ನನ್ನ ಮನೆಯೂ ಹಾಗೇ ಉಂಟು."

ನನ್ನನ್ನು ದಾಟಿ ಮೆಟ್ಟಿಲು ಹತ್ತುತ್ತಾ ಹೇಳಿದಳು, "ಅವರು ನಾಲ್ಕು ದಿನ ಇರು ಅಂದರು. ನಾನು ಹೇಗೆ ಇರಲಿ? ಟೊಪ್ಪಿ ತೆಗೆದುಕೊಂಡು ಹೋದದ್ದು ನಾನು."

ಅವಳು ನನ್ನ ಪ್ಲಾನ್ ಹಿಡಿದುಕೊಂಡೇ ರಜೆಗೆ ಹೋದಳು. ಒಬ್ಬಳೇ. ವಾಪಸು ಬಂದು, "ಬಸ್ಸು, ರೈಲು ಎಲ್ಲ ಟೈಮಿಗೆ ಬಂತು. ಥ್ಯಾಂಕ್ಸ್" ಎಂದಳು. ಎಲ್ಲಿ ಏನು ನೋಡಿದಳು, ಏನು ತಿಂದಳು... ಒಂದೂ ಹೇಳಲಿಲ್ಲ. ಕೆಲವು ತಿಂಗಳಲ್ಲಿ ಉಳಿದ ಓದಿಗೆ ತನ್ನ ದೇಶಕ್ಕೆ ಹೋದಳು. ಅವಳ ಚೀಲವನ್ನು ಟ್ಯಾಕ್ಸಿಯಲ್ಲಿ ಇಟ್ಟದ್ದು ನಾನೇ. ಕ್ಷಮಿಸಿ ಎನ್ನುವ ಮಾತು ಬಾಯಿಯವರೆಗೆ ಬಂದಿತ್ತು. ಏರ್‌ಪೋರ್ಟಿಗೆ ಯಾವ ದಾರಿ ಹತ್ತಿರ ಎಂದು ಟ್ಯಾಕ್ಸಿಯವನಿಗೆ ಹೇಳುವುದರಲ್ಲೇ ಆ ಹೊತ್ತು ಮುಗಿಯಿತು.

ಸಿಗಡಿ ಹುರಿದ ಮರುದಿನ ಹೆಜಮಾಡಿಯ ಬಸ್ಸು ಹತ್ತಿದೆ. ಇಷ್ಟು ವರ್ಷದಲ್ಲಿ ಪೂಜೆಗೆ, ಮದುವೆಗೆ ಎಂದು ಹತ್ತು ಜನರ ನಡುವೆ ಹೋಗಿದ್ದೆನೇ ಹೊರತು ಒಬ್ಬನೇ ಹೋದವನಲ್ಲ. ಅತ್ತಿಗೆ ಅಂಗಳದಲ್ಲಿ ಮೀನು ಮಗುಚುತ್ತಿದ್ದರು.

"ಅತ್ತಿಗೆ, ಅವತ್ತು ನಾನು..."

"ಎಷ್ಟು ವರ್ಷದ ಮಾತು ಮಾರಾಯ. ಬಿಡು." ತಲೆ ಎತ್ತದೆ ಕೇಳಿದರು, "ಅವಳು ನಿನಗೆ ಫೋನ್ ಮಾಡ್ತಾಳಾ?"

"ಇಲ್ಲ."

"ನನಗೆ ಮಾಡ್ತಾಳೆ. ತಿಂಗಳಿಗೊಮ್ಮೆ. ಈಗ ಅಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಇದ್ದಾಳಲ್ಲ. ಡಿಸೆಂಬರಿನಲ್ಲಿ ರಜೆ ಹಾಕಿ ಬರ್ತಾಳೆ ಇಲ್ಲಿಗೆ."

ನನಗೆ ತಡೆಯಲಾಗಲಿಲ್ಲ. "ಮಂಗಳೂರಿನಲ್ಲಿ ಇಳಿದರೆ ಅಲ್ಲಿಂದ..."

"ದಾರಿ ಎಲ್ಲ ನಾನೇ ಹೇಳಿ ಆಗಿದೆ."

ಚಾ ಕುಡಿದು ಎದ್ದೆ. ಅತ್ತಿಗೆ ಬೇಲಿಯವರೆಗೆ ಬಂದರು. ಅಕ್ಕ ಬಂದಾಗ ನಾನೂ ಬರಬಹುದಾ ಎಂದು ನಾನು ಕೇಳಲಿಲ್ಲ. ದಾರಿಹೋಕರನ್ನೂ ಊಟಕ್ಕೆ ಕರೆಯುವ ಅತ್ತಿಗೆ, ಬಾ ಎನ್ನಲಿಲ್ಲ.